ಮೂರೂರಿನ ಜೇನಿನ ಅಳತೆ

ಜೇನುನೊಣದ ರೆಕ್ಕೆ ಅಳೆಯೋ ಕೆಲಸದಲ್ಲಿ ನಗೋಂಥದ್ದು ಏನಿರುತ್ತೆ ಅಂತ ಹೆಂಡತಿ ಕೇಳ್ತಾಳೆ. ನೊಣಗಳ ಕಡೆಯಿಂದ ಏನೂ ಇರಲ್ಲ. ಎಡವಟ್ಟೆಲ್ಲ ಮನುಷ್ಯರದ್ದು, ಅದರಲ್ಲೂ ಹೆಚ್ಚಿನದು ನನ್ನದು.

ಅಹಮದಾಬಾದ್, ವಡೋದರಾ, ಸೂರತ್ ಜೇನುಗಳ ಗಾತ್ರದಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡೋದು ನಮ್ಮ ಪ್ರಾಜೆಕ್ಟು. ರಿವ್ಯೂ ಹೊತ್ತಿಗೆ ಉತ್ತರ ಇಲ್ಲದಿದ್ರೆ ಪ್ರಾಜೆಕ್ಟ್ ಬಂದ್, ನೀವು ಗೆದ್ದಲು ವಿಭಾಗಕ್ಕೆ ಅಂತ ನಮ್ಮ ಸಂಸ್ಥೆಯ ಸಾಹೇಬ್ರು ಮೊದಲೇ ಹೇಳಿದ್ರು.

೧. ಕಾಲು

ಅಹಮದಾಬಾದಿನ ನೊಣ ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಲ್ಲೇ ಸಿಕ್ತು. ಸೂರತ್ತಿನದು ಹಜೀರಾದ ಒಂದು ಕಾಲೊನೀಲಿ. ವಡೋದರಾದ್ದು ಉಡುಪಿ ಕಡೆಯವರೊಬ್ಬರ ಹೋಟೆಲಿನ ಹಿಂದೆ. ಯಜಮಾನರು ನಾನು ನೊಣ ಹಿಡಿಯೋದನ್ನೇ ನೋಡ್ತಾ ನಿಂತ್ರು.

"ಇದರದ್ದು ಎಂತ ಅಳೆಯುವುದು?"

"ರೆಕ್ಕೆ, ನಾಲಿಗೆ, ಹಿಂಗಾಲು."

"ಕಾಲು ಅಳೆದು ಎಂತ ಮಾಡ್ತೀರಿ ಮಾರಾಯ್ರೆ? ಚಪ್ಪಲಿ ಹೊಲಿಸ್ಲಿಕ್ಕುಂಟಾ?"

ನಾನು ಹತ್ತು ನಿಮಿಷ ವಿಜ್ಞಾನ ವಿವರಿಸಿದೆ. ಪೂರ್ತಿ ಕೇಳಿಸ್ಕೊಂಡು ಒಳಗೆ ಕೂಗಿದ್ರು: "ಇವರಿಗೆ ಇನ್ನೊಂದು ಕಾಫಿ ಕೊಡಿ, ಪಾಪ."

೨. ಕಣ್ಣು

ಸತ್ತ ನೊಣ ಕೆಡದೆ ಇರಬೇಕಾದ್ರೆ ಸ್ಪಿರಿಟ್ಟಲ್ಲಿ ಹಾಕಿಡಬೇಕು. ಗುಜರಾತಲ್ಲಿ ಮದ್ಯ ನಿಷೇಧ. ನೊಣದ ಬಾಟ್ಲಿಗಳನ್ನ ಹಿಡ್ಕೊಂಡು ಅಹಮದಾಬಾದಿನ ಮಣಿನಗರದಲ್ಲಿ ಟ್ರೇನ್ ಇಳಿದೆ. ಪೊಲೀಸಪ್ಪ ಒಂದರ ಮುಚ್ಚಳ ತೆಗೆದು ಮೂಸಿದ್ರು.

"ಏನಿದು?"

"ಜೇನುನೊಣ ಸಾಹೇಬ್."

"ಅದು ಕಾಣ್ತಾ ಇದೆ. ಯಾವುದರಲ್ಲಿ ಮುಳುಗಿದೆ?"

ಸಂಸ್ಥೆಯ ಪತ್ರ ಕೊಟ್ಟೆ. ಎರಡು ಸಲ ಓದಿದ್ರು. "ಇದರಲ್ಲಿ ಲ್ಯಾಬ್ ಉಪಯೋಗಕ್ಕೆ ಅಂತಿದೆ. ಇದು ಪ್ಲಾಟ್‌ಫಾರ್ಮು. ನೀವು ದಾರೀಲಿ ಕುಡಿಯಲ್ಲ ಅಂತ ಏನು ಗ್ಯಾರಂಟಿ?"

"ನೀವೇ ಒಂದು ಗುಟುಕು ನೋಡಿ" ಅಂದೆ.

ಅವರು ಬಾಟ್ಲಿಯೊಳಗೆ ಇಣುಕಿದ್ರು. ಮೂವತ್ತು ನೊಣಗಳು, ತಲಾ ಐದೈದು ಕಣ್ಣು, ಅವರನ್ನೇ ನೋಡಿದವು. ಮುಚ್ಚಳ ಹಾಕಿ, "ಹೋಗಿ" ಅಂದ್ರು.

೩. ರೆಕ್ಕೆ

ಬಾಟ್ಲಿಯೊಳಗೆ ಹಾಕೋ ಊರಿನ ಚೀಟಿ ಪೆನ್ಸಿಲ್ಲಲ್ಲೇ ಬರೀಬೇಕು, ಪೆನ್ನಿನ ಇಂಕು ಸ್ಪಿರಿಟ್ಟಲ್ಲಿ ಕರಗತ್ತೆ. ವಿದ್ಯಾರ್ಥಿಗಳಿಗೆ ಇದನ್ನ ಹತ್ತು ವರ್ಷದಿಂದ ಪಾಠ ಮಾಡ್ತಾ ಬಂದವನು ನಾನು. ಮೂರೂ ಚೀಟೀನ ಹೊಸ ಪೆನ್ನಲ್ಲಿ, ಚೆಂದವಾಗಿ ಬರೆದಿದ್ದೆ. ಲ್ಯಾಬಲ್ಲಿ ತೆಗೆದು ನೋಡಿದ್ರೆ ಮೂರೂ ಖಾಲಿ.

ಬೇರೆ ದಾರಿ ಇರಲಿಲ್ಲ, ಹಾಗೇ ಅಳೆದೆ. ರಿವ್ಯೂನಲ್ಲಿ ಮೂವರು ಹಿರಿಯರು: ಅಹಮದಾಬಾದಿನವರೊಬ್ಬರು, ವಡೋದರಾದವರೊಬ್ಬರು, ಸೂರತ್ತಿನವರೊಬ್ಬರು. ಇದ್ದದ್ದು ಇದ್ದ ಹಾಗೆ ಹೇಳಿದೆ. "ಒಂದು ಬಾಟ್ಲಿಯ ನೊಣಗಳ ರೆಕ್ಕೆ ಉಳಿದೆರಡಕ್ಕಿಂತ ಚೂರು ಉದ್ದ. ಆದ್ರೆ ಅದು ಯಾವ ಊರಿನದು ಅಂತ ಗೊತ್ತಿಲ್ಲ."

ಹೇಳಿ, ಮನಸ್ಸಲ್ಲೇ ಗೆದ್ದಲುಗಳ ಜೊತೆ ಸಂಸಾರ ಹೂಡಿದೆ.

ಸೂರತ್ತಿನವರು ಕನ್ನಡಕ ಸರಿ ಮಾಡ್ಕೊಂಡ್ರು. "ಗೊತ್ತಿಲ್ಲದ್ದು ಏನಿದೆ ಇದರಲ್ಲಿ? ನಮ್ಮದು. ತಿಂದುಂಡು ಬೆಳೆದದ್ದು ನೋಡಿದ್ರೇ ತಿಳಿಯತ್ತೆ."

"ಇದು ಅರಮನೆ ತೋಟದಲ್ಲಿ ಬೆಳೆದ ರೆಕ್ಕೆ ರೀ. ನಮ್ಮದು" ಅಂದ್ರು ವಡೋದರಾದವರು.

"ನಮ್ಮೂರಿನ ಟ್ರಾಫಿಕ್ ದಾಟಿ ಹಾರಬೇಕು ಸ್ವಾಮಿ" ಅಂದ್ರು ಅಹಮದಾಬಾದಿನವರು, "ಉದ್ದ ಆಗದೆ ಇನ್ನೇನು?"

ಮುಕ್ಕಾಲು ಗಂಟೆ ನಡೀತು. ಎರಡು ಸಲ ಚಹಾ ಬಂತು. ಚೀಟಿ ಏನಾಯ್ತು ಅಂತ ಯಾರೂ ಕೇಳಲಿಲ್ಲ. ಕೊನೆಗೆ ಮೂವರೂ ಒಮ್ಮತದಿಂದ ಬರೆದ್ರು: "ವಿಷಯ ಅತ್ಯಂತ ಮಹತ್ವದ್ದು. ಪ್ರಾಜೆಕ್ಟನ್ನು ಇನ್ನೂ ಎರಡು ವರ್ಷ ಮುಂದುವರಿಸತಕ್ಕದ್ದು."

ಹೊರಗೆ ಬಂದ ಮೇಲೆ ಮೂವರೂ ಒಬ್ಬೊಬ್ಬರಾಗಿ ನನ್ನನ್ನ ಪಕ್ಕಕ್ಕೆ ಕರೆದು, ಒಂದೇ ಮಾತು ಹೇಳಿದ್ರು:

"ಈ ಸಲ ನಮ್ಮೂರಲ್ಲಿ ಸ್ವಲ್ಪ ದಷ್ಟಪುಷ್ಟವಾದದ್ದು ನೋಡಿ ಹಿಡೀರಿ."