ನಿದ್ರಿತ ಶತ್ರುವನ್ನು ಎಬ್ಬಿಸಿದ ಬಾಳಪ್ಪನ ಸಮರ

ಮಂಡಿಗಳು ಕರಕರಗುಟ್ಟುವ, ಹಣೆಯ ಮೇಲಿದ್ದ ಕನ್ನಡಕವನ್ನೇ ಮನೆತುಂಬ ಹುಡುಕುವ ಮಹಾಯುಗವೊಂದರಲ್ಲಿ, ಗದಗ ನಗರದ ಸಮುದಾಯ ಭವನವೆಂಬ ರಣಾಂಗಣದಲ್ಲಿ, ಹಿರಿಯರ ಚದುರಂಗ ಪಂದ್ಯಾವಳಿಯ ಕಡೆಯ ಸುತ್ತು ಆರಂಭವಾಯಿತು. ಓ ವಾಗ್ದೇವಿ, ಅಲ್ಲಿ ಸೆಣಸಿದ ಶ್ವೇತಕೇಶ ವೀರರಿಬ್ಬರನ್ನು ಬಣ್ಣಿಸಲು ನನ್ನ ನಾಲಗೆಗೆ ಬಲ ಕೊಡು.

ಒಬ್ಬನು ಧೂಮಶಕಟಪಾಲಕ, ಹರಿತರಕ್ತಧ್ವಜಧಾರಿ, ನಿವೃತ್ತ ರೈಲ್ವೆ ಗಾರ್ಡ್ ಬಾಳಪ್ಪ ಮೆಣಸಗಿ. ಇನ್ನೊಬ್ಬನು ಗೋಮಹಿಷಾರೋಗ್ಯದಾತ, ನಿವೃತ್ತ ಪಶುವೈದ್ಯ ವಾಮನರಾವ್ ಮುಳಗುಂದ. ಪ್ರತಿವರ್ಷವೂ ಇವರು ಎದುರಾಗುತ್ತಿದ್ದರು. ಪ್ರತಿವರ್ಷವೂ ಬಾಳಪ್ಪನೇ ಸೋಲುತ್ತಿದ್ದನು.

"ಡಾಕ್ಟರ್ರ, ಇವತ್ತ ನಿಮ್ಮ ರಾಜಾನ್ನ ಹಳಿ ಮ್ಯಾಲೆ ಕೆಡವತೇನಿ," ಎಂದು ಬಾಳಪ್ಪನು ಗರ್ಜಿಸಿದನು.

"ಎಂಥೆಂಥಾ ಹಾಯೋ ಹೋರಿಗೆ ಸೂಜಿ ಚುಚ್ಚೇನಿ ಬಾಳಪ್ಪ, ನೀ ಯಾವ ಲೆಕ್ಕ," ಎಂದು ವಾಮನರಾಯನು ಮೂಗಿಗೆ ನಶ್ಯವೇರಿಸಿದನು.

ಆಗ ಮೊದಲಾಯಿತು ಕಾಷ್ಠನಿರ್ಮಿತ ಚತುರಂಗಬಲಗಳ ಘೋರ ಸಂಗ್ರಾಮ. ಕುದುರೆಗಳು ಕಾಲಾಳುಗಳ ತಲೆಯ ಮೇಲೆ ಹಾರಿದವು. ಆನೆಗಳು ಉರುಳಿ ಪೆಟ್ಟಿಗೆ ಸೇರಿದವು. ಕೊನೆಗೆ ಬಾಳಪ್ಪನ ರಾಣಿಯು ವೈರಿಯ ಕೋಟೆಯನ್ನು ಹೊಕ್ಕು ಕರಿಯ ರಾಜನನ್ನು ಮೂಲೆಗೆ ನೂಕಿದಳು. ಬಾಳಪ್ಪನು ಗಡಿಯಾರವನ್ನೊತ್ತಿ ತಲೆಯೆತ್ತಿ ನೋಡಿದರೆ, ಮಧ್ಯಾಹ್ನದ ಗೋಧಿ ಹುಗ್ಗಿಯ ಪ್ರಭಾವದಿಂದ ವಾಮನರಾಯನು ಗಾಢನಿದ್ರಾವಶನಾಗಿದ್ದನು.

ಗಡಿಯಾರ ಓಡುತ್ತಿತ್ತು. ಶತ್ರುವಿನ ವೇಳೆ ಮುಗಿದರೆ ಜಯ ಬಾಳಪ್ಪನದೇ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಇಷ್ಟು ವರ್ಷ ಕಾದ ಗೆಲುವು ಗೊರಕೆಯ ರೂಪದಲ್ಲಿ ಬಂದಿರುವುದನ್ನು ಅವನು ಕೊಂಚ ಹೊತ್ತು ಆಲಿಸಿದನು. ಮನಸ್ಸು ಒಪ್ಪಲಿಲ್ಲ. ಮೇಜಿನ ಕೆಳಗೆ ಕಾಲು ಚಾಚಿ ಒದ್ದನು.

"ಏಳ್ರಿ ಡಾಕ್ಟರ್ರ, ನಿಮ್ಮ ಪಾಳಿ."

"ಹುಬ್ಬಳ್ಳಿ ಬಂತೇನು?"

"ಇಲ್ಲ, ನಿಮ್ಮ ರಾಜಾನ ಕಡೀಗಾಲ ಬಂದೈತಿ. ಆಡ್ರಿ."

ಅರೆನಿದ್ರೆಯ ವಾಮನರಾಯನು ತನಗುಳಿದಿದ್ದ ಒಂದೇ ಆನೆಯನ್ನು ನೇರ ಬಾಳಪ್ಪನ ರಾಣಿಯ ಪಕ್ಕಕ್ಕೆ ತಳ್ಳಿದನು. ಪ್ರಳಯರುದ್ರನಂತೆ ಬಾಳಪ್ಪನು ಅದನ್ನು ಹೊಡೆದುರುಳಿಸಿ, "ಮುಗೀತು ನಿಮ್ಮ ಕತಿ" ಎಂದನು.

ತೀರ್ಪುಗಾರ್ತಿ ಬಂದು ಹಲಗೆಯ ಮೇಲೆ ಬಾಗಿದಳು. "ಕಾಕಾ, ಡಾಕ್ಟರ್ರ ರಾಜಗ ಶಹ ಇಲ್ಲ, ಅಂದ್ರ ಚೆಕ್ ಬಿದ್ದಿಲ್ಲ. ಅಂವಗ ಹೋಗಾಕ ಮನಿನೂ ಇಲ್ಲ. ಆಡಾಕ ಬ್ಯಾರೆ ಕಾಯಿನೂ ಉಳದಿಲ್ಲ. ಆಟ ಡ್ರಾ."

ಹೀಗೆ ಆ ಮಹಾಯುದ್ಧದಲ್ಲಿ ತಲಾ ಅರ್ಧ ಅಂಕವನ್ನು ಗಳಿಸಿದ ವೀರರು ಹತ್ತೊಂಬತ್ತನೆಯ ಸ್ಥಾನವನ್ನು ಹಂಚಿಕೊಂಡರು. ಬಾಳಪ್ಪನು ಹೆಂಡತಿಗೆ ಫೋನ್ ಮಾಡಿ, "ಈ ಸಲ ಸೋತಿಲ್ಲ" ಎಂದನು.

"ಗೆದ್ರೇನು?"

"ಅದನ್ನ ಬಿಡು. ಸೋತಿಲ್ಲ."

ಬಳಿಕ ಇಬ್ಬರೂ, ಭಾಗವಹಿಸಿದವರಿಗೆಲ್ಲ ಹಂಚುತ್ತಿದ್ದ ಪ್ಲಾಸ್ಟಿಕ್ ಸೋಪಿನ ಡಬ್ಬಿಗಾಗಿ ಸಾಲಿನಲ್ಲಿ ನಿಂತರು. ಉಳಿದಿದ್ದ ಒಂದೇ ಒಂದು ನೀಲಿ ಡಬ್ಬಿ ಯಾರಿಗೆ ಸೇರಬೇಕೆಂದು ಅಲ್ಲಿ ಸ್ವಲ್ಪ ತಕರಾರಾಯಿತು.