ನಮ್ಮ ಮನೆಯಲ್ಲೊಬ್ಬರಿಗೆ ಮರೆವು

ಸದ್ದಾದರೆ ಬೆಚ್ಚುವವರನ್ನು ನೀವು ನೋಡಿರುತ್ತೀರಿ. ನಾನು ಸದ್ದು ನಿಂತರೆ ಬೆಚ್ಚುವವಳು. ಕುಕ್ಕರು ಕೂಗಲಿ, ಪಕ್ಕದ ಮನೆಯವರು ಜಗಳಾಡಲಿ, ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರು ಎಳೆದುಕೊಂಡು, ಹಾಡು ಹಚ್ಚಿಕೊಂಡು ಗೋಕಾಕದ ನಮ್ಮ ಓಣಿಯ ಮುಂದೆ ಗೋಡೆ ನಡುಗುವಂತೆ ಹಾಯಲಿ, ನನಗದು ಜೋಗುಳ. ಆದರೆ ಪಡಸಾಲೆಯಲ್ಲಿ ನಮ್ಮ ಅತ್ತೆಯವರ ವಚನದ ಗುನುಗು ನಿಂತಿತೋ, ಒಳಗೆ ನನ್ನ ಕೈಯ ರೊಟ್ಟಿಯೂ ನಿಲ್ಲುತ್ತದೆ. ಗುನುಗುತ್ತಿದ್ದರೆ ಅವರು ಕುರ್ಚಿಯಲ್ಲಿದ್ದಾರೆ. ನಿಂತರೆ, ಕೂತಲ್ಲೇ ಜೋಂಪು ಹತ್ತಿರಬಹುದು. ಇಲ್ಲವೇ ಬಾಗಿಲ ಚಿಲಕ ತೆಗೆದಿರಬಹುದು. ಈ ಎರಡನೆಯದನ್ನು ನಾನು ಮನಸ್ಸಿನಲ್ಲಿ ಕೂಡ ಪೂರ್ತಿ ಹೇಳಿಕೊಳ್ಳುವುದಿಲ್ಲ.

ಅತ್ತೆಯವರಿಗೆ ಮರೆವಿನ ಕಾಯಿಲೆ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಮನೆ ಮುಟ್ಟುವಷ್ಟರಲ್ಲಿ ನನಗೇ ಮರೆತುಹೋಗಿತ್ತು. ಊಟ ಮಾಡಿ ಕೈ ತೊಳೆದು ಬಂದು, "ಇವತ್ತ ಅಡಗಿ ಮಾಡಿಲ್ಲೇನವಾ?" ಎಂದು ಕೇಳುತ್ತಾರೆ. ಮಗನನ್ನು ತಮ್ಮನ ಹೆಸರಿನಿಂದ ಕೂಗುತ್ತಾರೆ. ಹೊತ್ತು ಇಳಿಯುತ್ತಿದ್ದಂತೆ ಬಾಗಿಲಿಗೆ ಬಂದು ನಿಂತು, "ಬಾಗೇವಾಡಿಗೆ ಹೋಗಬೇಕ, ಅಪ್ಪ ದಾರಿ ನೋಡತಿರ್ತಾನ" ಎನ್ನುತ್ತಾರೆ. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ ಅವರ ತವರು. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ನಾನು ಅವರನ್ನು ಫೋಟೋದಲ್ಲಷ್ಟೇ ನೋಡಿದ್ದೇನೆ. ಒಂದು ಸಲ ಹಾಗೆಯೇ ಹೊರಟು ಬಸ್ಸು ಹತ್ತಿಬಿಟ್ಟಿದ್ದರು. ಕಂಡಕ್ಟರು ಸಂಶಯ ಬಂದು ಕೊಣ್ಣೂರಲ್ಲಿ ಇಳಿಸಿ ಕೂಡ್ರಿಸಿದ್ದ. ನಾವು ಹೋದಾಗ ಅತ್ತೆಯವರು ಆರಾಮಾಗಿ ಚಹಾ ಕುಡಿಯುತ್ತಿದ್ದರು. ನಾನು ಮಾತ್ರ ವಾರಗಟ್ಟಲೆ ರಾತ್ರಿ ಎದ್ದೆದ್ದು ಬಾಗಿಲ ಚಿಲಕ ನೋಡಿದೆ. "ಮನೀ ಮಾತ ಮನ್ಯಾಗ ಇರಲಿ. ಯಾರ ಮುಂದೂ ಹೇಳಬ್ಯಾಡ" ಎಂದರು ನನ್ನ ಯಜಮಾನರು. ಅವರು ಮೂಡಲಗಿಯ ಬ್ಯಾಂಕಿನಲ್ಲಿದ್ದಾರೆ. ಬ್ಯಾಂಕಿನವರಿಗೆ ಎಲ್ಲಕ್ಕೂ ಒಂದೇ ಉಪಾಯ: "ಬಾಗಲಕ್ಕ ಕೀಲಿ ಹಾಕಿಬಿಡು."

ಹಾಕಿದೆ. ಒಂದೇ ದಿನ. ಅತ್ತೆಯವರು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಗುರುತಿಲ್ಲದವರನ್ನು ಮಾತಾಡಿಸುವಂತೆ ಮೆಲ್ಲಗೆ ಕೇಳಿದರು: "ಬಾಯಾರ, ನನ್ನ ಯಾಕ ಕೂಡಿ ಹಾಕೀರಿ? ನಾ ಏನ್ ಮಾಡೇನ್ರಿ?" ಅಂದಿನಿಂದ ಆ ಕೀಲಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಹುಡುಕುವುದೂ ಇಲ್ಲ.

ಹೀಗಿರುವಾಗ ನಮ್ಮ ಓಣಿಯ ಅಕ್ಕನ ಬಳಗ ನನ್ನ ಕೈ ಹಿಡಿಯಿತು. ಸೋಮವಾರ ಸಂಜೆ ಬಸವ ಮಂಟಪದಲ್ಲಿ ಸೇರಿ ವಚನ ಹಾಡುವ ಹೆಂಗಸರ ಬಳಗ ಅದು. ಬಸ್‌ಸ್ಟ್ಯಾಂಡಿನ ಬಾಜೂಕೆ ಬಳೆ ಅಂಗಡಿ ಇಟ್ಟಿರುವ ಗಂಗಕ್ಕ ಅದಕ್ಕೆ ಅಧ್ಯಕ್ಷೆ. ಅವಳ ಮುಂದೆ ನಾನು, ಹೆಸರು ಹೇಳದೆ, "ಮನೆಯಲ್ಲೊಬ್ಬರಿಗೆ ಮರೆವು, ಹೊರಗೆ ಹೋದರೆ ಭಯ" ಎಂದು ಅತ್ತುಬಿಟ್ಟಿದ್ದೆ. "ಅಳತಿ ಯಾಕವಾ? ಓಣಿಗೆ ಕಣ್ಣಿಲ್ಲೇನು? ಎಲ್ಲಾರೂ ಕೂಡಿ ಕಾಯೂಣು" ಎಂದಳು ಗಂಗಕ್ಕ. ಅಂದದ್ದೇ ಅಲ್ಲ, ಮಾಡಿಯೂ ತೋರಿಸಿದಳು. ಕಿರಾಣಿ ಅಂಗಡಿಯ ಮಲ್ಲಪ್ಪ ಕಾಕಾ, ಹೂವಿನವಳು, ರಿಕ್ಷಾದವರು, ಬಸ್‌ಸ್ಟ್ಯಾಂಡಿನ ಕಂಟ್ರೋಲರು, ಎಲ್ಲರನ್ನೂ ಮಂಟಪಕ್ಕೆ ಕರೆಸಿದಳು. ತಿಳಿಸಿ ಹೇಳಲು ಆಸ್ಪತ್ರೆಯಿಂದ ಒಬ್ಬ ನರ್ಸಬಾಯಿ ಬಂದಳು. ಅವಳು ಹೇಳಿದ್ದು ಸರಳವಾಗಿತ್ತು: ಮರೆವಿನವರು ಕಂಡರೆ ವಾದ ಮಾಡಬೇಡಿ, ಏನಂದರೂ ಹೌದೆನ್ನಿ. ಕೂಡ್ರಿಸಿ ನೀರು ಕೊಡಿ, ಮನೆಗೆ ಫೋನು ಮಾಡಿ. ಅವರಿಗೆ ಹಳೆಯದು ಉಳಿದಿರುತ್ತದೆ, ಹೊಸದು ಹಾರಿಹೋಗುತ್ತದೆ. "ಮತ್ತ ಒಂದ್ ನೆನಪಿಡ್ರಿ. 'ನನಗೇನೂ ಆಗಿಲ್ಲ' ಅಂತ ಅವರು ಹಟಾ ಮಾಡತಾರ. ಅದೂ ಆ ಜಡ್ಡಿಂದ ಒಂದ್ ಲಕ್ಷಣ."

ಆಮೇಲೆ ನನ್ನನ್ನು ಮಾತಿಗೆ ಎಬ್ಬಿಸಿದರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮೆತ್ತಗೆ ಮಾತಾಡಬೇಕು, ಓಡಬಾರದು, ಬಾಗಿಲು ತಟ್ಟದೆ ಒಳಗೆ ಹೋಗಬಾರದು, ಯಾರ ಮನಸ್ಸನ್ನೂ ನೋಯಿಸಬಾರದು ಎಂದೆಲ್ಲ ಸಿಸ್ಟರುಗಳು ಕಲಿಸಿದ್ದರು. ಮೊದಲ ಸಾಲಿನಲ್ಲಿ ಅತ್ತೆಯವರು ಹಣೆತುಂಬ ವಿಭೂತಿ ಧರಿಸಿ, ಸೆರಗು ಹೊದ್ದು, ನರ್ಸಬಾಯಿಯ ಮಾತಿಗೆಲ್ಲ ತಲೆಯಾಡಿಸುತ್ತ ಕೂತಿದ್ದರು. ಅವರ ಮುಂದೆಯೇ ಅವರತ್ತ ಬೆರಳು ಮಾಡುವುದು ಹೇಗೆ? "ನಮ್ಮ ಮನೆಯಲ್ಲೊಬ್ಬರಿಗೆ ಮರೆವು. ದಯವಿಟ್ಟು ಗಮನವಿರಲಿ" ಎಂದಷ್ಟೇ ಹೇಳಿ, ನರ್ಸಬಾಯಿಗೆ ವಂದನೆ ಸಲ್ಲಿಸಹೋಗಿ ಅವಳ ಹೆಸರೇ ನೆನಪಾಗದೆ ತೊದಲಿ, ಕೂಡ್ರಲು ಬಂದು ಬೇರೆಯವರ ಕುರ್ಚಿಯಲ್ಲಿ ಕೂತೆ. ನನ್ನ ಬೆನ್ನಿಗೇ ಅತ್ತೆಯವರು ಎದ್ದರು. ಒಂದಾದ ಮೇಲೊಂದು ವಚನ, ಒಂದಕ್ಷರ ತಪ್ಪದೆ, ದನಿ ಬಿಚ್ಚಿ ಹಾಡಿದರು. ಮಂಟಪವೆಲ್ಲ ಚಪ್ಪಾಳೆ.

ಮನೆಗೆ ಬರುವಾಗ ಅವರು ಒಂದೊಂದು ಅಂಗಡಿಯ ಮುಂದೂ ನಿಂತು ಏನೋ ಮಾತಾಡಿದರು. ಹಿರಿಯರ ಮಾತಿಗೆ ಕಿವಿಗೊಡಬಾರದೆಂದು ನಾನು ದೂರ ನಿಂತೆ. ಅಂಗಡಿಯವರು ಅವರ ಹೆಗಲ ಮೇಲಿಂದ ನನ್ನ ಕಡೆ ನೋಡಿ ಚುಚ್ಚುಚ್ಚು ಎಂದರು. ಸೊಸೆಯ ಕಷ್ಟ ಎಲ್ಲರಿಗೂ ತಿಳಿಯಿತಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಮರುದಿನ ಮಲ್ಲಪ್ಪ ಕಾಕಾ ನನ್ನನ್ನು ಕಂಡವರೇ, "ಸ-ಕ್ಕ-ರಿ ಬೇಕೇನವಾ?" ಎಂದು ಒಂದೊಂದಕ್ಷರ ಬಿಡಿಸಿ ಕೂಗಿದರು. ಪಾಪ, ಕಾಕಾಗೆ ಕಿವಿ ಮಂದವಾಗಿರಬೇಕೆಂದು ನಾನೂ ಕೂಗಿಯೇ ಉತ್ತರಿಸಿದೆ.

ಆಮೇಲೆ ಆ ಬೆಳಿಗ್ಗೆ ಬಂತು. ರೊಟ್ಟಿ ಬಡಿಯುತ್ತಿದ್ದೆ, ಗುನುಗು ನಿಂತಿತು. ಹೊರಗೆ ಬಂದು ನೋಡಿದರೆ ಕುರ್ಚಿ ಖಾಲಿ, ಬಾಗಿಲು ಹಾರುಹೊಡೆದಿದೆ, ಅವರ ಚಪ್ಪಲಿ ಇಲ್ಲ. ಓಡಬಾರದೆಂಬ ಪಾಠ ಅಲ್ಲೇ ಬಿದ್ದಿತು. ಮೊಳಕೈತನಕ ಜೋಳದ ಹಿಟ್ಟು, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಯಜಮಾನರದು. ಕಣ್ಣ ಮುಂದೆ ಒಮ್ಮೆ ಕಬ್ಬಿನ ಟ್ರ್ಯಾಕ್ಟರು, ಒಮ್ಮೆ ಹೊಳೆಯ ನೀರು. ಹೂವಿನವಳನ್ನು ಕೇಳಿದೆ: "ಅತ್ತೆಯವರು ಈ ಕಡೆ ಬಂದರಾ?"

"ಅತ್ತಿಯವರು ಮನ್ಯಾಗ ಇರಬೇಕಲ್ರಿ. ನೀವೊಬ್ರ ಎಲ್ಲಿ ಹೊಂಟ್ರಿ ಅಕ್ಕಾರ?"

ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದಾಗ ಹುಕ್ಕೇರಿ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ಸೆರಗು ಹೊದ್ದ ಒಂದು ನರೆತ ತಲೆ! ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಕಂಟ್ರೋಲರು ಎರಡೂ ಕೈ ಅಡ್ಡ ಹಿಡಿದ. "ಬರ್ರಿ ಅಕ್ಕಾರ, ಕುಂದರ್ರಿ. ಗಂಗಕ್ಕಾ, ನೀರ ತೊಗೊಂಡ ಬಾ." ಬಸ್ಸು ಹೋಗಿಯೇಬಿಟ್ಟಿತು. ಅದರ ಹಿಂದಿನ ಧೂಳಿನಲ್ಲಿ ನನ್ನ ಜೀವವೂ ಹೋಯಿತು.

"ನಮ್ಮ ಅತ್ತೆ ಆ ಬಸ್ಸಿನಲ್ಲಿದ್ದಾರೆ! ಮರೆವಿರುವುದು ಅವರಿಗೆ!"

"ಹೌದ್ರಿ, ಅವರಿಗೇ" ಎಂದ ಕಂಟ್ರೋಲರು, ಜೇನು ಸುರಿದಂತೆ.

"ನನಗೇನೂ ಆಗಿಲ್ಲ!"

"ಏನೂ ಆಗಿಲ್ರಿ" ಎಂದಳು ಗಂಗಕ್ಕ, ನನ್ನ ಬೆನ್ನು ಸವರುತ್ತ. ಸವರುತ್ತಲೇ ಕಂಟ್ರೋಲರಿಗೆ ಕಣ್ಣಿನಲ್ಲೇ ಏನೋ ಹೇಳಿದಳು. ಆಗ ನನಗೆ ಎಲ್ಲ ಹೊಳೆಯಿತು: ಆ ಸಂಜೆ ಅತ್ತೆಯವರು ಅಂಗಡಿ ಅಂಗಡಿಗೂ ನನ್ನ ಬಗ್ಗೆ ಹೇಳಿದ ಮಾತು, ಚುಚ್ಚುಚ್ಚು, ಸಕ್ಕರೆ. ಸಿಟ್ಟು, ಹೆದರಿಕೆ ಒಟ್ಟಿಗೇ ಬಂದರೆ ನನಗೆ ಕನ್ನಡ ಕೈಕೊಡುತ್ತದೆ. "ಪ್ಲೀಸ್, ಲಿಸನ್ ಟು ಮಿ!" ಎಂದು ಚೀರಿದೆ.

"ನೋಡ್ರಿ, ಸಾಲ್ಯಾಗ ಕಲ್ತದ್ದು ಹೊರಗ ಬರಾಕತ್ತೈತಿ" ಎಂದು ಗಂಗಕ್ಕ ಪಿಸುಗುಟ್ಟಿದಳು. "ಹಳೇದ ಉಳೀತೈತಿ ಅಂತ ನರ್ಸಬಾಯಿ ಹೇಳಿದ್ಲಲ್ಲ."

ಕಂಟ್ರೋಲರು ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದ: "ಅಕ್ಕಾರ, ಇವತ್ತ ಯಾವ ವಾರ ಹೇಳ್ರಿ ನೋಡೂಣು."

"ಗುರುವಾರ" ಎಂದೆ.

ಗಂಗಕ್ಕ ನೀರಿನ ಲೋಟ ನನ್ನ ಕೈಗಿಟ್ಟಳು. ಅಂದು ಬುಧವಾರವಾಗಿತ್ತು.

ಓದುಗರೇ, ಆ ಬೆಂಚು ತಣ್ಣಗಿತ್ತು. ಅದರ ಮೇಲೆ ಕೂತು ನಾನು ಯೋಚಿಸಿದ್ದನ್ನು ನಿಮಗೆ ಮಾತ್ರ ಹೇಳುತ್ತೇನೆ. ತಮಗೆ ಮರೆವಿದೆ ಎಂಬುದು ಅತ್ತೆಯವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಲಕ್ಷಣ. ಹಾಗಿದ್ದರೆ ನನಗಿಲ್ಲವೆಂದು ನನಗೆ ಹೇಗೆ ಗೊತ್ತು? ಮೊನ್ನೆ ಹಾಲಿಗೆ ಎರಡು ಸಲ ಹೆಪ್ಪು ಹಾಕಿದ್ದು ಯಾರು? ಕಾಲಿನ ಕಡೆ ನೋಡಿಕೊಂಡೆ. ಯಜಮಾನರ ಚಪ್ಪಲಿ ನನ್ನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಗಂಗಕ್ಕ ಕಲಿತ ಪಾಠದಂತೆ ಮನೆಗೆ ಫೋನು ಹಚ್ಚಿದಳು. ಎಲ್ಲರಿಗೂ ನಾನು ಕೊಟ್ಟದ್ದು ನನ್ನದೇ ಮೊಬೈಲು ನಂಬರು. ಮೊಬೈಲು ಅಡುಗೆ ಕಟ್ಟೆಯ ಮೇಲೇ ಉಳಿದಿತ್ತು. ಅದನ್ನೆತ್ತಿದ ದನಿ ಕೇಳಿ ನಾನು ಬೆಂಚಿನಿಂದ ಎದ್ದೇಬಿಟ್ಟೆ.

"ಯಾರ? ನಾ ಪತ್ರಿ ಹರಕೊಂಡ ಈಗರ ಒಳಗ ಬಂದೇನಿ" ಎಂದರು ಅತ್ತೆಯವರು. ಹಿತ್ತಲ ಸಂದಿಯ ಬಿಲ್ವದ ಗಿಡಕ್ಕೆ ಹೋಗಿದ್ದರಂತೆ! ಬಸ್ಸಿನಲ್ಲಿ ಹೋದದ್ದು ಯಾರ ಮನೆಯ ಅಜ್ಜಿಯೋ.

"ನಿಮ್ಮ ಸೊಸಿ ಇಲ್ಲೆ ಬಸ್‌ಸ್ಟ್ಯಾಂಡನ್ಯಾಗ ಅದಾರ್ರಿ."

"ಅಯ್ಯ ಶಿವನ! ಹೇಳಿದ್ನಿಲ್ಲ ನಾ ನಿಮಗ? ಹಿಡಕೊಂಡ ಕುಂದರ್ರಿ, ಬಿಡಬ್ಯಾಡ್ರಿ. ನಾ ಬಂದ ಕರಕೊಂಡ ಹೋಗತೇನಿ."

"ಅತ್ತಿ, ಬರಬ್ಯಾಡ್ರಿ! ಅಲ್ಲೇ ಇರ್ರಿ!" ಎಂದು ನಾನು ಕೂಗಿದ್ದು ಕಡಿದ ಫೋನಿಗೆ.

ಇಷ್ಟು ಹೊತ್ತಿನ ಹೆದರಿಕೆ ಏನೂ ಅಲ್ಲ ಎನ್ನಿಸಿತು. ಈಗ ಅವರು ಖರೆಯಾಗಿಯೂ ಹೊರಟಿದ್ದಾರೆ, ಒಬ್ಬರೇ. ಟ್ರ್ಯಾಕ್ಟರು ಓಡಾಡುವ ಆ ರಸ್ತೆ ದಾಟಬೇಕು. ನಡುದಾರಿಯಲ್ಲಿ ಎಲ್ಲಿಗೆ ಹೊರಟೆನೆಂಬುದೇ ಮರೆತರೆ? ಏಳಹೋದೆ, ಗಂಗಕ್ಕನ ಬಳೆಗೈ ನನ್ನ ಹೆಗಲ ಮೇಲೆ ಪ್ರೀತಿಯಿಂದ ಬಿತ್ತು. ಬಳೆಗಾರ್ತಿಯ ಹಿಡಿತ ಎಂಥದೆಂದು ತೊಡಿಸಿಕೊಂಡವರಿಗೆ ಗೊತ್ತು.

ಆಗ ಗಂಗಕ್ಕನ ಫೋನು ಒಂದೇ ಸಮನೆ ರಿಂಗಾಗತೊಡಗಿತು. ಮಲ್ಲಪ್ಪ ಕಾಕಾ: "ಅತ್ತಿಯವರು ನಮ್ಮ ಅಂಗಡಿ ದಾಟಿದ್ರು. ಗಾಬರಿ ಆಗಬ್ಯಾಡ ಅನ್ನು ಆಕಿಗೆ." ರಿಕ್ಷಾದವನೊಬ್ಬ: "ಚೌಕದಾಗ ಬಂದ್ರು." ಕೊನೆಗೆ ಹೂವಿನವಳು. ದೊಡ್ಡ ರಸ್ತೆಯ ದಂಡೆಗೆ ಬಂದು ಅತ್ತೆಯವರು ಗಕ್ಕನೆ ನಿಂತರಂತೆ. ಆ ಕಡೆ ನೋಡಿದರಂತೆ, ಈ ಕಡೆ ನೋಡಿದರಂತೆ. "ನಾ ಎಲ್ಲಿ ಹೊಂಟಿದ್ನಿ?" ಎಂದು ಕೇಳಿದರಂತೆ. "ಸೊಸೀನ ಕರಕೊಂಡ ಬರಾಕಲ್ರಿ ಅವ್ವಾರ! ಬರ್ರಿ, ದಾಟಸ್ತೇನಿ" ಎಂದು ಹೂವಿನ ಬುಟ್ಟಿ ಬಿಟ್ಟು ಕೈಹಿಡಿದು ದಾಟಿಸಿದಳಂತೆ.

ಬಂದರು. ಬಂದವರೇ ಸೆರಗಿನ ತುದಿಯಿಂದ ನನ್ನ ಮುಖದ ಹಿಟ್ಟು ಒರೆಸಿದರು. ಕಂಟ್ರೋಲರಿಗೆ, "ಭಾಳ ಉಪಕಾರ ಆತಪಾ" ಎಂದರು. ನನ್ನ ಕೈ ಹಿಡಿದು ನಡೆಯತೊಡಗಿದರು. ಚೌಕಕ್ಕೆ ಬಂದಾಗ ಅವರ ಹೆಜ್ಜೆ ನಿಂತಿತು. ನನ್ನ ಕೈಯನ್ನು ಅವರ ಕೈ ಇನ್ನಷ್ಟು ಬಿಗಿಯಾಗಿ ಹಿಡಿಯಿತು. ನಾನು ಆ ಕೈಯನ್ನು ಎಡಕ್ಕೆ ಒಂದಿಷ್ಟು ಒತ್ತಿದೆ.

"ಹಾಂ, ಈ ಕಡೆ" ಎಂದರು. "ನೋಡ ಶೈಲಾ, ನಾ ಬರಲಿಲ್ಲಂದ್ರ ನಿನಗ ಮನಿ ದಾರಿ ಸಿಗತಿತ್ತೇನು?"

"ಇಲ್ರೀ ಅತ್ತಿ."

ಮನೆಗೆ ಬಂದು ಒಲೆಯತ್ತ ಓಡಿದೆ. ಗ್ಯಾಸು ಆರಿಸಿತ್ತು. ಹೆಂಚಿನ ಮೇಲೆ ಬಿಟ್ಟುಹೋದ ರೊಟ್ಟಿ ಬುಟ್ಟಿಯಲ್ಲಿ, ಬಟ್ಟೆ ಮುಚ್ಚಿಕೊಂಡು ಕೂತಿತ್ತು.

ಸಂಜೆ ಯಜಮಾನರು ಕೆಂಡಾಮಂಡಲವಾಗಿ, "ಈಗಿಂದೀಗ ಓಣಿಗೆಲ್ಲಾ ಖರೆ ಹೇಳಿ ಬರ್ತೇನಿ" ಎಂದು ಎದ್ದರು. ನಾನೇ ತಡೆದೆ. ಯಾಕೆಂದರೆ ಅಷ್ಟು ಹೊತ್ತಿಗೆ ಅತ್ತೆಯವರು ಎಂದಿನಂತೆ ಬಾಗಿಲಿಗೆ ಬಂದು ನಿಂತಿದ್ದರು. ಬಾಗೇವಾಡಿಯ ದಿಕ್ಕಿಗೆ ನೋಡಿದರು. ಆಮೇಲೆ ಹೊಸ್ತಿಲ ಒಳಗಿನಿಂದಲೇ, ಹೊರಗೆ ಯಾರೋ ನಿಂತಿರುವಂತೆ, "ನಾಳೆ ಬರ್ತೇನಪಾ. ಇಕೀನ ಒಬ್ಬಾಕೀನ ಬಿಟ್ಟ ಹೆಂಗ ಬರ್ಲಿ?" ಎಂದು ಹೇಳಿ ಚಿಲಕ ಹಾಕಿ ಬಂದರು.

ಗಂಗಕ್ಕನಿಗೊಬ್ಬಳಿಗೆ ಮಾತ್ರ ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹೌದ್ರಿ" ಎಂದು ನೀರು ಕೊಟ್ಟಳು. ನಾನು, ಅತ್ತೆಯವರು ಇಬ್ಬರೂ ಜೊತೆಗೇ ತಿರುಗುವುದರಿಂದ, ಯಾರನ್ನು ಕಾಯುತ್ತೇವೆಂದು ಓಣಿ ತಿಳಿದರೂ ಕಾವಲು ಇಬ್ಬರಿಗೂ ಸಲ್ಲುತ್ತದೆ. ಮಲ್ಲಪ್ಪ ಕಾಕಾ ದಿನಾ ಬೆಳಿಗ್ಗೆ ನನ್ನನ್ನು ಕಂಡೊಡನೆ, "ಇವತ್ತ ಯಾವ ವಾರವಾ?" ಎಂದು ಪ್ರೀತಿಯಿಂದ ಕೇಳುತ್ತಾರೆ. ಅದಕ್ಕೆಂದೇ ನಾನು ಕ್ಯಾಲೆಂಡರು ನೋಡಿಕೊಂಡು ಹೊರಡುತ್ತೇನೆ. ಒಮ್ಮೊಮ್ಮೆ ಬಾಗಿಲ ತನಕ ಬರುವಷ್ಟರಲ್ಲಿ ಮರೆತಿರುತ್ತದೆ. ಯಾರಿಗೂ ಹೇಳದೆ, ಸದ್ದಾಗದಂತೆ ಒಳಗೆ ಹೋಗಿ, ಇನ್ನೊಂದು ಸಲ ನೋಡಿಕೊಂಡು ಬರುತ್ತೇನೆ.