ಕಂಬವಾಗಿ ನಿಂತ ಸಾಹೇಬರು

ಮೊದಲೆಲ್ಲ ಜನ ಕಚೇರಿಗೆ ಬಂದು ಬೈದರೆ ಕಡತದೊಳಗೆ ತಲೆ ಹುದುಗಿಸಿ ಕೂರಬಹುದಿತ್ತು. ಪಂಚಾಯಿತಿಗೆ ಒಂದು ಫೇಸ್‌ಬುಕ್ ಪುಟ, ಒಂದು ವಾಟ್ಸಾಪ್ ಗ್ರೂಪು ಆದ ಮೇಲೆ ಆ ಸುಖವೂ ಹೋಯಿತು, ದಿನಕ್ಕೊಂದು ತಮಾಷೆ ಶುರುವಾಯಿತು. ನಾನು ಚಳ್ಳಕೆರೆಯವನು. ದಿನಾ ಬಸ್ಸು ಹತ್ತಿ ಮೊಳಕಾಲ್ಮೂರು ಕಡೆಯ ಒಂದು ಪಂಚಾಯಿತಿಗೆ ಗುಮಾಸ್ತಿಕೆಗೆ ಹೋಗುತ್ತೇನೆ. ಊರಿನ ಹೆಸರು ಬೇಡ, ನನ್ನ ನೌಕರಿ ಇನ್ನೂ ಬಾಕಿ ಇದೆ.

ಗೆದ್ದ ಚರಂಡಿ

ನಮ್ಮ ಪಿಡಿಒ ಸಾಹೇಬರು ಹುರುಪಿನ ಮನುಷ್ಯ. ಕಚೇರಿ ಮುಂದಿನ ಚರಂಡಿಯ ಹೂಳು ತೆಗೆಸಿ, "ಫೋಟೊ ಹಾಕ್ರಿ" ಅಂದರು. ಹಾಕಿದೆ. ಸಂಜೆಯೊಳಗೆ ಊರಿನವರೆಲ್ಲ ತಂತಮ್ಮ ಮನೆ ಮುಂದಿನ ಚರಂಡಿಯ ಫೋಟೊ ಅದರ ಕೆಳಗೆ ಹಾಕಿದರು. ಕೆಲವರು ಪಕ್ಕದಲ್ಲಿ ಮನೆಮಂದಿಯನ್ನೂ ಸಾಲಾಗಿ ನಿಲ್ಲಿಸಿದ್ದರು. ಯಾವುದಕ್ಕೆ ಹೆಚ್ಚು ಲೈಕು ಬರುತ್ತದೋ ಆ ಚರಂಡಿಗೆ ಮೊದಲ ಸರದಿ ಎಂದು ಸಾಹೇಬರು ಘೋಷಿಸಿಬಿಟ್ಟರು.

ಅಷ್ಟೇ ಸಾಕಾಯಿತು. ರಾಂಪುರದ ಬೀಗರು, ಬಳ್ಳಾರಿಯ ಷಡ್ಡಕರು, ಎಲ್ಲರೂ ಈ ಊರಿನ ಚರಂಡಿಗೆ ಲೈಕು ಒತ್ತಿದರು. ಗೆದ್ದ ಚರಂಡಿಯ ಕೆಳಗೆ ನೋಡುತ್ತೇನೆ, ನನ್ನ ಹೆಂಡತಿಯ ಹೆಸರು! ಮನೆಗೆ ಹೋದವನೇ, "ಚಳ್ಳಕೆರೆಯಲ್ಲಿ ಕೂತ್ಕೊಂಡು ನಿನಗ್ಯಾಕೆ ಅಲ್ಲಿನ ಚರಂಡಿ?" ಎಂದೆ.

"ನಮ್ಮಕ್ಕನ ಮನೆ ಮುಂದಿಂದು ಕಣ್ರಿ. ನಿಮಗೆ ಮೂರು ವರ್ಷ ಹೇಳಿದ್ರೂ ಆಗ್ಲಿಲ್ಲ. ಲೈಕಿಗೆ ಮೂರೇ ದಿನ ಸಾಕಾತು."

ಮರು ಓಟು

ನಲ್ಲಿ ನೀರು ಬೆಳಗ್ಗೆ ಆರಕ್ಕೆ ಬಿಡೋಣವೋ, ಸಂಜೆ ನಾಲ್ಕಕ್ಕೋ ಎಂದು ಗ್ರೂಪಿನಲ್ಲಿ ಓಟು ಕೇಳಿದೆವು. ಬೆಳಗಿನ ಆರು ಗಂಟೆ ಭರ್ಜರಿಯಾಗಿ ಗೆದ್ದಿತು. ಮರುದಿನವೇ ನೇಕಾರರ ಓಣಿಯ ಹಿರಿಯ ಅವ್ವ ಕಚೇರಿಗೆ ಬಂದರು. ಎಪ್ಪತ್ತು ದಾಟಿದ ಜೀವ, ಮಾತು ಮಾತ್ರ ಮಗ್ಗದಷ್ಟೇ ಚುರುಕು.

"ಆರಕ್ಕೆ ನಾವು ಓಣಿಯಾಗೆ ಹಾಸು ಬಿಗೀತಿರ್ತೀವಿ ನಾಯನಾ. ಎಳೆ ಹಿಡಿಯೋಣೋ, ಕೊಡ ಹಿಡಿಯೋಣೋ?"

ಹಾಸು ಅಂದರೆ ಸೀರೆಯ ಉದ್ದದ ಎಳೆಗಳು. ಬಿಸಿಲೇರುವ ಮುಂಚೆ ಅದನ್ನು ಓಣಿಯ ನಡುವೆ ಈ ತುದಿಯಿಂದ ಆ ತುದಿಗೆ ಬಿಗಿದು, ಹರಿದ ಎಳೆ ಕೂಡಿಸಿ ಸುತ್ತಿಕೊಂಡರೇ ಆಮೇಲೆ ಮಗ್ಗ ಆಡುವುದು.

"ಬಹುಮತ ಬಂದಿದೆಯಲ್ಲಮ್ಮ" ಎಂದರು ಸಾಹೇಬರು.

"ಓಟು ಹಾಕಿದ ಫೋನೆಲ್ಲ ಗಂಡಸರದ್ದು. ನೀರು ಹಿಡಿಯೋ ಕೈ ನಮ್ದು. ಒಂದು ದಿನ ಫೋನು ಮನೇಲಿ ಬಿಟ್ಟು ಹೋಗಾಕೆ ಹೇಳ್ರಿ."

ಸಾಹೇಬರು ನಿಜವಾಗಿಯೂ ಹಾಗೇ ಹೇಳಿದರು. ಮರು ಓಟಿನಲ್ಲಿ ಸಂಜೆ ನಾಲ್ಕು ಗೆದ್ದಿತು. ಗಂಡಸರು ಒಬ್ಬರೂ ತಕರಾರು ಎತ್ತಲಿಲ್ಲ, ಫೋನು ವಾಪಸ್ಸು ಸಿಕ್ಕಿದ್ದೇ ಅವರಿಗೆ ದೊಡ್ಡದಾಗಿತ್ತು.

ಕಂಬ

ಆಮೇಲೆ ಅದೇ ಓಣಿಗೆ ಅಲಂಕಾರದ ದೀಪದ ಕಂಬಗಳು ಮಂಜೂರಾದವು. ಓಣಿಯ ನಟ್ಟನಡುವೆ ಸಾಲುಗಂಬ. ನಕ್ಷೆಯ ಬಣ್ಣದ ಚಿತ್ರ ಪುಟಕ್ಕೆ ಹಾಕಿದೆ. ಲೈಕು ಮಳೆ ಸುರಿದಂತೆ ಬಂತು. ನೇಕಾರರೇ ಕೆಂಪು ಹೃದಯ ಒತ್ತಿದ್ದರು, ಕಂಬ ಎಲ್ಲಿ ನಿಂತಿದೆ ಎಂದು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನಡುವೆ ಕಂಬ ಬಂದರೆ ಹಾಸು ಬಿಗಿಯಲು ಜಾಗವಿಲ್ಲ, ಹಾಸಿಲ್ಲದಿದ್ದರೆ ಓಣಿಯ ಮಗ್ಗಗಳೆಲ್ಲ ಬಂದ್. ಗುಂಡಿ ತೋಡಲು ಸುಣ್ಣದ ಗುರುತು ಬಿದ್ದ ದಿನ ಈ ತೊಡಕನ್ನು ಕಂಡವರು ಅವ್ವ ಒಬ್ಬರೇ.

"ನಾಳೆ ಬೆಳಗ್ಗೆ ಆರಕ್ಕೆ ಬಂದು ನೋಡ್ರಿ" ಎಂದು ಸಾಹೇಬರನ್ನು ಕರೆದರು. ಹಿಂದಿನ ದಿನವೇ ಅಲ್ಲಿ ಉಳಿದುಕೊಂಡು ನಾನೂ ಹೋದೆ. ಅವ್ವ ಸಾಹೇಬರನ್ನು ಸುಣ್ಣದ ಗುರುತಿನ ಮೇಲೆ ನಿಲ್ಲಿಸಿ, "ಈಗ ನೀವೇ ಕಂಬ" ಅಂದರು. ಅವ್ವನ ಸೊಸೆ ಫೋನು ಹಿಡಿದು ಲೈವ್ ಶುರುಮಾಡಿದಳು.

ನೇಕಾರರು ರೇಷ್ಮೆ ಹಾಸು ಹೊತ್ತು ತಂದರು. "ಸಾರ್, ಒಂಚೂರು ಸರೀರಿ." ಸಾಹೇಬರು ಸರಿಯಲು ಕಾಲೆತ್ತಿದರು.

"ಸರೀಬ್ಯಾಡ್ರಿ! ಕಂಬ ಸರಿಯುತ್ತೇನು?"

ಸಾಹೇಬರು ನಿಂತರು. ನೇಕಾರರೂ ಹಾಸು ಹೊತ್ತೇ ನಿಂತರು. ಸೂರ್ಯ ಮೇಲೇರಿದ, ಕೆಲಸ ಒಂದೆಳೆ ಮುಂದೆ ಹೋಗಲಿಲ್ಲ. ಅಂದು ಹೃದಯ ಒತ್ತಿದವರೆಲ್ಲ ಈಗ ಲೈವ್ ಕೆಳಗೆ "ಕಂಬ ಬ್ಯಾಡ", "ಗೋಡೆಗೆ ದೀಪ ಹಾಕ್ರಿ" ಎಂದು ಬರೆಯತೊಡಗಿದರು. ಸಾಹೇಬರು ಮೆಲ್ಲಗೆ, "ಅವ್ವಾ, ಒಂದು ಲೋಟ ಚಾ..." ಅಂದರು.

"ಕಂಬ ಚಾ ಕುಡಿಯಲ್ಲ."

ಅಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು. ಲೈವ್ ನೋಡಿದ ತಾಲ್ಲೂಕಿನ ಮೇಲಧಿಕಾರಿ. ಅವ್ವ ಬೆರಳಾಡಿಸಿ ಬೇಡವೆಂದರು. ನಾನೇ ಫೋನು ತೆಗೆದು, "ಸಾರ್, ಸಾಹೇಬ್ರು ಕಂಬ ಆಗಿದ್ದಾರೆ, ಮಾತಾಡಂಗಿಲ್ಲ" ಎಂದೆ. ಆ ಕಡೆ ನಗು ತಡೆಯಲಾಗದೆ, "ಕಂಬನ ಗೋಡೆಗೆ ಸರಿಸಾಕೆ ಹೇಳ್ರಿ" ಎಂಬ ಅಪ್ಪಣೆ ಬಂತು.

ಸುದ್ದಿ ಹೇಳಿದೆ. ಅವ್ವನ ಕಣ್ಣು ತುಂಬಿ ಬಂತು. ಸಾಹೇಬರು ಗುರುತು ಬಿಟ್ಟು ಕದಲಿದರು, ಬಿಗಿದ ಹಾಸು ಓಣಿಯುದ್ದಕ್ಕೂ ಬಿಸಿಲಿಗೆ ಮಿರಮಿರ ಮಿಂಚಿತು. ಒಂದು ಗಂಟೆ ಅಲುಗದೆ ನಿಂತ ಅಧಿಕಾರಿ, ಅವರನ್ನು ನಿಲ್ಲಿಸಿದ ಅವ್ವ, ಇಬ್ಬರಿಗೂ ನಾನು ಮನಸಾರೆ ಕೈಮುಗಿದೆ. ಈಗ ಅಲ್ಲಿ ಗೋಡೆಗೋಡೆಗೂ ದೀಪ ಇದೆ.

ಆ ಲೈವ್‌ಗೆ ಬಂದ ಕಾಮೆಂಟುಗಳಲ್ಲಿ ಅತಿ ಹೆಚ್ಚು ಲೈಕು ಪಡೆದದ್ದು ನನ್ನ ಹೆಂಡತಿಯದು: "ಹೇಳಿದ ಕಡೆ ನಿಲ್ಲೋ ಇಂಥ ಕಂಬ ನಮ್ಮ ಚಳ್ಳಕೆರೆಗೂ ಒಂದು ಹಾಕಿಸ್ರಿ."